ಕತ್ತಾಳೆ ತಿನ್ನುತ್ತೀನಿ ಅಂತ ಆಣೆಯಿಟ್ಟ ತಿಪ್ಪವ್ವ

ಕಾಲು ಕಂಬಳಿ ಒಳಗೆ ಎಳ್ಕೋ ಕೂಸೇ, ಚಳಿ ಇದೆ. ಹೂಂ ಅಂತಾ ಇರಬೇಕು ನೋಡು. ನಿನ್ನ ಹೂಂ ನಿಂತರೆ ನನ್ನ ಕತೇನೂ ಅಲ್ಲೇ ನಿಲ್ಲುತ್ತೆ.

ಒಂದಾನೊಂದು ಕಾಲ ಅಂದ್ರೆ ಯಾವ ಕಾಲ ಅಂತ ಕೇಳಬೇಡ, ಬಾವಿಗಳಿಗೆ ರಾಟೆ ಬರೋಕೂ ಮುಂಚಿನ ಕಾಲ ಅಂತ ಇಟ್ಕೋ. ಬರೀ ಬಂಡೆಗಳೇ ಇರೋ ಒಂದು ಗುಡ್ಡ, ಆ ಗುಡ್ಡದ ಕೆಳಗೆ ಒಂದು ಊರು ಇತ್ತಂತೆ. ಊರ ಬೇಲಿಗೆ ಕತ್ತಾಳೆ, ಹಾದಿ ಬದಿಗೆ ಕತ್ತಾಳೆ, ಗುಡ್ಡ ಹತ್ತಿದರೆ ಅಲ್ಲೂ ಕತ್ತಾಳೆ. ನೀನೂ ನೋಡಿದೀಯಲ್ಲ, ನಿನ್ನೆತ್ತರದ ದಪ್ಪ ದಪ್ಪ ಪಟ್ಟೆ, ಅಂಚಿಗೆಲ್ಲ ಮುಳ್ಳು, ತುದಿಗೆ ದಬ್ಬಳದಂಥ ಒಂದು ಮುಳ್ಳು, ಅದೇ. ಆ ಊರಿನವರಿಗೆ ಹಗ್ಗ ಮಾಡೋದೇ ಕಸುಬು. ಪಟ್ಟೆ ಕೊಯ್ದು ಕುಂಟೆಯ ನೀರಲ್ಲಿ ಕೊಳೆ ಹಾಕೋದು, ಆಮೇಲೆ ಬಂಡೆ ಮೇಲೆ ಬಡಿದು ನಾರು ಬಿಡಿಸೋದು, ಆಮೇಲೆ ಒಣಗಿಸಿ ತೊಡೆ ಮೇಲೆ ಹೊಸೆಯೋದು. ಹುಟ್ಟಿದ ಮಗೂಗೆ ತೊಟ್ಟಿಲು ಕಟ್ಟೋದೂ ಆ ಹಗ್ಗದಲ್ಲೇ, ಸತ್ತವರನ್ನ ಚಟ್ಟಕ್ಕೆ ಬಿಗಿಯೋದೂ ಅದರಲ್ಲೇ ಅಂತೆ.

ಆದರೆ ಆ ಗಿಡಾನ ಯಾರೂ ಬಾಯಿಗೆ ಇಟ್ಟವರಲ್ಲ. ಅದರ ಹಸಿ ರಸ ಸೋಕಿದರೆ ಸಾಕು, ಕೈಯೆಲ್ಲ ದದ್ದು ಎದ್ದು ತುರಿಕೆ ಹತ್ತೋದು. ಹಸು ಮೂಸಲ್ಲ, ಕತ್ತೆ ಕಣ್ಣೆತ್ತಿ ನೋಡಲ್ಲ, ಅದು ರಾಕ್ಷಸಿ ಗಿಡ ಅನ್ನೋರಂತೆ.

ಆ ಊರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಕತ್ತಾಳೆ ವರ್ಷಾನುಗಟ್ಟಲೆ ಸುಮ್ಮನೆ ಕೂತಿದ್ದು, ಸಾಯೋ ವರ್ಷ ನಡುಮಧ್ಯದಿಂದ ಒಂದು ಕಂಬ ಎತ್ತುತ್ತೆ, ಎರಡು ಮನೆ ಎತ್ತರಕ್ಕೆ. ತುದೀಲಿ ಹೂ ಬಿಡುತ್ತೆ, ಆಮೇಲೆ ಒಣಗಿ ಹೋಗುತ್ತೆ. ಇಡೀ ಜನ್ಮಕ್ಕೆ ಒಂದೇ ಸಲ ಹೂವು. ಹಾಗೆ ಕಂಬ ಎತ್ತಿದ ಗಿಡದ ನಾರಲ್ಲಿ ಕಸುವು ಇರೋದಿಲ್ಲ, ಅದನ್ನ ಪಾತ್ರೆ ತಿಕ್ಕೋಕೆ, ಸುಣ್ಣ ಬಳಿಯೋ ಕುಂಚಕ್ಕೆ ಇಟ್ಕೋಬೇಕೇ ಹೊರತು ಹಗ್ಗಕ್ಕೆ ಹೊಸೀಬಾರದು ಅಂತ. ಅಂಥ ನಾರು ಒಂಚೂರು ಕೆಂಪಗೆ ತಿರುಗಿರೋದಂತೆ. ಅದನ್ನ ಬೇರೆ ಗೂಟಕ್ಕೇ ತಗಲಿ ಹಾಕೋರಂತೆ.

ಆ ಊರಲ್ಲಿ ತಿಪ್ಪವ್ವ ಅಂತ ಒಬ್ಬಳು, ಅವಳ ಗಂಡ ಬೋರಯ್ಯ. ಅವರಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳು ಈರಕ್ಕ, ಅವಳಿಗೆ ಕೋಪ ಮೂಗಿನ ತುದಿಯಲ್ಲಿ. ನಡುವಿನವಳು ಬೊಮ್ಮಕ್ಕ, ಅವಳ ಬಾಯಿಗೆ ಬೀಗವೇ ಇಲ್ಲ. ಚಿಕ್ಕವಳು ದುಗ್ಗಿ, ಅವಳದು ಮಾತು ಕಮ್ಮಿ, ನೋಡೋದು ಜಾಸ್ತಿ. ಯಾರಾದರೂ ಮನೆಗೆ ಬಂದರೆ ಬಾಗಿಲ ಹಿಂದೆ ನಿಂತುಬಿಡೋಳಂತೆ.

ಒಂದು ದಿನ ಮಧ್ಯಾಹ್ನ ಏನಾಯ್ತು, ಪಕ್ಕದ ಮನೆ ಕ್ಯಾತಜ್ಜಿ ಎದೆ ಬಡ್ಕೊಂಡು ಓಡಿ ಬಂದಳಂತೆ. ಬೋರಣ್ಣಾ, ನನ್ನ ಗಬ್ಬದ ಆಡು ಹಾಳುಬಾವಿಗೆ ಬಿತ್ತಲ್ಲೋ, ಇನ್ನೂ ಕೂಗ್ತಾ ಐತೆ ಕಣೋ ಅಂತ. ಬೋರಯ್ಯ ಎದ್ದ. ಮನೇಲಿದ್ದ ದೊಡ್ಡ ಹಗ್ಗ ತಗೊಂಡು ಹೋದರೆ, ಬಾವಿಯ ತಳಕ್ಕೆ ಎರಡು ಮಾರು ಕಮ್ಮಿ ಬಿತ್ತಂತೆ. ತಿಪ್ಪವ್ವ ಅಲ್ಲೇ ಬಾವಿ ಕಟ್ಟೆ ಮೇಲೆ ಕೂತು, ದುಗ್ಗೀ, ನಾರು ತಾರೇ ಬೇಗ ಅಂತ ಕೂಗಿದಳು. ದುಗ್ಗಿ ಓಡಿದಳು. ಬಿಸಿಲಿಂದ ಒಳಗೆ ಹೋದವಳಿಗೆ ಕಣ್ಣು ಕತ್ತಲಾಗಿ, ಕೈಗೆ ಸಿಕ್ಕಿದ ಕಟ್ಟು ಎಳ್ಕೊಂಡು ಬಂದಳು. ತಿಪ್ಪವ್ವ ಕಟ್ಟು ಬಿಚ್ಚಿದಳು, ನೋಡಿದಳು. ಕೆಂಪಗಿತ್ತು. ತಪ್ಪು ಗೂಟದ ನಾರು.

ಕೂಸೇ, ಆಗ ಅವಳು ಒಂದು ಗಳಿಗೆ ಕೈ ತಡೆದಳಂತೆ. ಒಳಗೆ ಆಡು ಕೂಗ್ತಿದೆ, ಹೊರಗೆ ಕ್ಯಾತಜ್ಜಿ ಬೇಗ ಬೇಗ ಅಂತ ಕೂಗ್ತಿದಾಳೆ, ಬೋರಯ್ಯ ಆಯ್ತಾ ಆಯ್ತಾ ಅಂತಿದಾನೆ. ಎರಡು ಮಾರು ತಾನೇ, ಒಂದು ಹೊತ್ತು ತಾನೇ ಅಂದ್ಕೊಂಡು ಹೊಸೆದುಬಿಟ್ಟಳಂತೆ.

ಅಷ್ಟರಲ್ಲಿ ಸೇರಿದ್ದ ಊರವರು ಹಗ್ಗ ಹಿಡಿದರು. ಹಗ್ಗ ಮೊದಲನೇ ಸಲ ಬೋರಯ್ಯನ್ನ ಕೆಳಗೆ ಇಳಿಸಿತು, ತಡೀತು. ಎರಡನೇ ಸಲ ಆಡನ್ನ ಮೇಲಕ್ಕೆ ತಂತು, ತಡೀತು. ಮೂರನೇ ಸಲ ಮೇಲೆ ಬರ್ತಿದ್ದ ಬೋರಯ್ಯ ನಡುಬಾವಿಯಲ್ಲಿದ್ದಾಗ ಹರಿದುಹೋಯ್ತು. ಹರಿದದ್ದು ಆ ಎರಡು ಮಾರಲ್ಲೇ.

ಹೂಂ ಅನ್ನು. ಹೂಂ... ಹೌದು ಕೂಸೇ, ಬೋರಯ್ಯ ಸತ್ತುಹೋದ. ಆಡು ಬದುಕಿತು.

ಆಮೇಲೆ ಮಣ್ಣು ಮಾಡಿ ಬಂದು ಮೂರನೇ ದಿನ, ಊರವರೆಲ್ಲ ಬಂದು ತಿಪ್ಪವ್ವನ ಅಂಗಳದಲ್ಲಿ ಕೂತರಂತೆ. ಹಗ್ಗ ಹರಿದು ಜೀವ ಹೋದರೆ, ಅದು ಯಾರು ತಂದ ನಾರು, ಯಾರು ಹೊಸೆದ ಹಗ್ಗ ಅಂತ ಕೇಳೋದು ಆ ಊರ ಪದ್ಧತಿ. ತಪ್ಪಿದ ಕೈ ಮತ್ತೆ ಹಗ್ಗ ಮುಟ್ಟಬಾರದು. ಊರ ಗೌಡ ಹರಿದ ತುದಿ ಹಿಡ್ಕೊಂಡು, ತಿಪ್ಪವ್ವಾ, ಇದು ಕಂಬದ ಗಿಡದ ನಾರಿನ ಹಂಗೆ ಕಾಣ್ತದಲ್ಲವ್ವಾ, ಈ ಕಟ್ಟು ತಂದೋರು ಯಾರು ಅಂದನಂತೆ.

ಬಾಗಿಲ ಹಿಂದೆ ದುಗ್ಗಿ ನಿಂತಿದ್ದಳು. ಮೂರು ದಿನದಿಂದ ಒಳಗೇ ಬೇಯ್ತಿದ್ದಳು. ತಾನು ತಪ್ಪು ಗೂಟದಿಂದ ತಂದಿದ್ದು ಅವ್ವನಿಗೆ ಗೊತ್ತಿಲ್ಲ ಅಂತ ಅವಳು ಅಂದ್ಕೊಂಡಿದ್ದಳು. ತಾನು ಗೊತ್ತಿದ್ದೂ ಹೊಸೆದಿದ್ದು ಮಗಳಿಗೆ ಗೊತ್ತಿಲ್ಲ ಅಂತ ತಿಪ್ಪವ್ವ ಅಂದ್ಕೊಂಡಿದ್ದಳು. ದುಗ್ಗಿ ಇನ್ನೇನು ಬಾಯಿ ತೆಗೀಬೇಕು, ಅಷ್ಟರಲ್ಲಿ ತಿಪ್ಪವ್ವ ಎದ್ದು ನಿಂತು, ಯಾರೂ ತಂದಿಲ್ಲ, ಯಾರೂ ಹೊಸೆದಿಲ್ಲ, ನನ್ನ ಗಂಡನ್ನ ತಿಂದಿದ್ದು ಆ ರಾಕ್ಷಸಿ ಗಿಡ ಅಂತ ಕಿರುಚಿದಳಂತೆ. ಅದು ನನ್ನ ಗಂಡನ್ನ ತಿಂದಂಗೇ ನಾನು ಅದನ್ನ ತಿಂತೀನಿ. ಅದರ ಹೂ ತಿಂತೀನಿ, ಅದರ ಬೆನ್ನುಮೂಳೆ ತಿಂತೀನಿ, ಅದರ ಎದೆ ತಿಂತೀನಿ. ಅಲ್ಲೀವರೆಗೂ ನನ್ನ ಬಾಯಿಗೆ ನೀರು ಬಿಟ್ಟರೆ ಒಂದು ಅಗಳು ಹೋಗಬಾರದು. ಈ ಮಾತಿಗೆ ಭೂಮಿತಾಯಿ ಸಾಕ್ಷಿ ಅಂತ ನೆಲ ಮುಟ್ಟಿದಳಂತೆ.

ನೆಲ ಮುಟ್ಟಿ ಇಟ್ಟ ಆಣೆ, ತೆಗೆಯೋ ಹಂಗಿಲ್ಲ. ಕಟ್ಟಿನ ಮಾತು ಅಲ್ಲಿಗೇ ಬಿತ್ತು. ಗೌಡ ಹರಿದ ಹಗ್ಗ ಕೆಳಗಿಟ್ಟು, ತಂಗೀ, ಹಂಗನ್ನಬೇಡ, ಒಂದು ಪಟ್ಟೆ ನಾಲಿಗೆಗೆ ಮುಟ್ಟಿಸಿ ಉಗಿದುಬಿಡು, ಆಣೆ ತೀರಿತು ಅಂದ್ಕೋತೀವಿ ಅಂದ. ಅವಳು, ನಿಮಗೆ ತೀರಬಹುದು ಗೌಡ್ರೇ, ನನಗೆ ತೀರಲ್ಲ ಅಂದಳಂತೆ. ಹೆಂಗಸರು ಗುಸುಗುಸು ಅಂದರು. ಗಂಡ ಹೋದ, ಇವಳೂ ಹೋಗ್ತಾಳೆ ಬಿಡು, ಆ ಗಿಡ ತಿಂದು ಬದುಕಿದೋರು ಯಾರವ್ವಾ ಅಂತ.

ಆಮೇಲೆ ಮೂರು ಜನ ಹೆಣ್ಣುಮಕ್ಕಳೂ ಒಲೆ ಮುಂದೆ ಕೂತರು. ಒಲೆ ಉರೀತಿಲ್ಲ, ಸುಮ್ಮನೆ ಕೂತರು. ಅಪ್ಪ ಹೋದ, ಅವ್ವನ್ನ ಉಳಿಸ್ಕೋಬೇಕು ಅಂದರೆ ಆ ಗಿಡಾನ ಊಟ ಮಾಡಬೇಕು, ಬೇರೆ ದಾರಿ ಇಲ್ಲ. ಮೊದಲು ಹೂವು ನಾನು ನೋಡ್ಕೋತೀನಿ ಅಂತ ಈರಕ್ಕ ಎದ್ದಳು.

ಈರಕ್ಕ ಹೂವಿಗೆ ಅಂತ ಹೊರಟರೆ, ಕ್ಯಾತಜ್ಜಿ ಹಾದಿಗೆ ಅಡ್ಡ ನಿಂತಳಂತೆ. ಈರಕ್ಕನಿಗೆ ಕೋಪ ಉಕ್ಕಿ ಬಂತು. ನಿನ್ನ ಆಡು ಉಳೀತಲ್ಲ ಅಜ್ಜೀ, ಇನ್ನೇನು ಬೇಕು ಅಂದಳು. ಕ್ಯಾತಜ್ಜಿ ಕಣ್ಣಲ್ಲಿ ನೀರು ಹಾಕ್ಕೊಂಡು, ಬೈಯಿ ಮಗಳೇ, ಇನ್ನೂ ಬೈಯಿ, ಆದರೆ ನಾನು ಹೇಳೋದು ಒಂದು ಮಾತು ಕೇಳಿ ಬೈಯಿ ಅಂದಳಂತೆ. ಆಡು ಕಾಯ್ದು ಕಾಯ್ದು ನನಗೆ ವಯಸ್ಸಾಯ್ತು. ಕತ್ತಾಳೆ ಪಟ್ಟೆಗೆ ಆಡು ಬಾಯಿ ಹಾಕಲ್ಲ, ಖರೆ. ಆದರೆ ಗಾಳಿಗೆ ಅದರ ಹೂ ಉದುರಿದರೆ ಒಂದನ್ನೊಂದು ಹಾಯ್ದು ತಿಂತವೆ, ಒಂದು ಆಡಿಗೂ ಏನೂ ಆಗಿಲ್ಲ. ಅರಳಿದ್ದು ಕಹಿ ಇರ್ತದೋ ಏನೋ, ಅದನ್ನ ಬಿಟ್ಟು ಮೊಗ್ಗನ್ನೇ ಆರಿಸ್ತವೆ ಅಂತ.

ಈರಕ್ಕ ಕೊಡಲಿ ತಗೊಂಡು ಗುಡ್ಡಕ್ಕೆ ಹೋಗಿ, ಮೊಗ್ಗು ಬಿಟ್ಟ ಒಂದು ಕಂಬ ಕಡಿದು ಉರುಳಿಸಿದಳು. ಹಸಿರು ಹಳದಿ ಮೊಗ್ಗು, ಬಾಳೆಹೂವಿನ ಎಸಳಿನ ಹಾಗೆ ಗೊಂಚಲು ಗೊಂಚಲು. ಉಡಿ ತುಂಬ ತಂದು, ಒಂದೊಂದೇ ಮೊಗ್ಗು ಬಿಡಿಸಿ, ಒಳಗಿನ ದಂಟುಕಡ್ಡಿ ಕಿತ್ತು, ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದಳು, ಮತ್ತೆ ಕುದಿಸಿ ಮತ್ತೆ ಚೆಲ್ಲಿದಳು, ಮೂರನೇ ನೀರಿಗೆ ಉಪ್ಪು ಹಾಕಿದಳು. ಉಪ್ಪು ಹಾಕಬಹುದೇನೇ ಆಣೇಲಿ ಅಂದಳು ಬೊಮ್ಮಕ್ಕ. ಉಪ್ಪು ಅಗಳಲ್ಲ ಕಣೇ, ಸುಮ್ನಿರು ಅಂದಳು ಈರಕ್ಕ. ಮೊದಲು ತಾನೇ ಒಂದು ಮೊಗ್ಗು ಬಾಯಿಗೆ ಹಾಕ್ಕೊಂಡು, ಗೋಡೆಗೆ ಒರಗಿ, ಹೊತ್ತು ಮುಳುಗೋವರೆಗೂ ಕೂತು ನೋಡಿದಳಂತೆ. ಏನೂ ಆಗಲಿಲ್ಲ. ಆಮೇಲೆ ಅವ್ವನ ಮುಂದೆ ಇಟ್ಟಳು.

ತಿಪ್ಪವ್ವ ಹಗೆಯನ್ನ ಕಚ್ಚೋ ಹಾಗೆ ಕಚ್ಚಿ ಕಚ್ಚಿ ತಿಂದಳಂತೆ. ತಿಂದು, ಹೂ ಆಯ್ತು, ಬೆನ್ನುಮೂಳೆ ತನ್ನಿ ಅಂದಳು. ಅಷ್ಟೇ.

ಬೆನ್ನುಮೂಳೆ ಅಂದರೆ ಕಂಬ. ಬೊಮ್ಮಕ್ಕ ಮಚ್ಚು ತಗೊಂಡು ಹೋದಳು. ಅವಳಿಗೆ ತಾಳ್ಮೆ ಎಲ್ಲಿಂದ ಬರಬೇಕು, ಹೊಸದಾಗಿ ಮೇಲೆದ್ದ ಒಂದು ಎಳೇ ಕಂಬ ಕಡಿದು, ಕಬ್ಬಿನ ಹಾಗೇ ಇದೆಯಲ್ಲ ಅಂತ ಅಲ್ಲೇ ನಿಂತು ಹಸೀದನ್ನೇ ಕಚ್ಚಿಬಿಟ್ಟಳಂತೆ. ಅಯ್ಯಪ್ಪಾ! ತುಟಿ ಉರೀತು, ನಾಲಿಗೆ ಉರೀತು, ಮನೆಗೆ ಬರೋ ಹೊತ್ತಿಗೆ ತುಟಿ ಊದಿ ದೋಸೆಯಷ್ಟಾಗಿತ್ತಂತೆ. ಈರಕ್ಕ, ಕೊನೆಗೂ ನಿನ್ನ ಬಾಯಿಗೆ ಒಂದು ಬೀಗ ಸಿಕ್ತಲ್ಲೇ ಅಂದಳಂತೆ. ನೀನು ನಗು, ಆದರೆ ನೆನಪಿಟ್ಕೋ ಕೂಸೇ, ಯಾವತ್ತೂ ಬೇಲಿಗೆ ಹೋಗಿ ಆ ಗಿಡಕ್ಕೆ ಬಾಯಿ ಹಾಕಬೇಡ. ಹಸಿಯಾಗಿದ್ದರೆ ಸುಡುತ್ತೆ. ಬಲ್ಲವರು ಬೇಯಿಸಿ ಕೊಟ್ಟರೆ ಮಾತ್ರ ಅದು ಊಟ.

ಆಮೇಲೆ ಬೊಮ್ಮಕ್ಕ ಎರಡು ದಿನ ಮಾತಿಲ್ಲದೆ ಕೂತಳು. ಮಾತು ನಿಂತಾಗ ಬುದ್ಧಿ ಓಡಿತಂತೆ. ಹಸಿಯಾಗಿದ್ದರೆ ಸುಡುತ್ತೆ ಅಂದರೆ ನಾವೇ ಅದನ್ನ ಮೊದಲು ಸುಡಬೇಕು ಅಂತ, ಮೊಣಕೈ ಉದ್ದದ ಎಳೇ ಕಂಬದ ತುಂಡುಗಳನ್ನ ಕೆಂಡದಲ್ಲಿ ಹೂತಳು. ಸಿಪ್ಪೆ ಕರ್‍ರಗಾಗಿ ಸಿಡಿಯೋವರೆಗೂ ಬಿಟ್ಟು, ಆಮೇಲೆ ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗೆ ಮೆತ್ತಗೆ ಹಬೆ ಆಡ್ತಿತ್ತಂತೆ. ಈ ಸಲ ಅವಳೂ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ಕಾದಳು. ಸುಡಲಿಲ್ಲ. ಅಗಿದು ರಸ ಹೀರಬೇಕು, ನಾರು ಉಗೀಬೇಕು. ತಿಪ್ಪವ್ವ ಅಗಿದಳು, ನಾರು ಉಗಿದಳು, ಉಗಿಯುವಾಗ ಒಂದೊಂದು ಸಲವೂ ಆ ಹಾಳುಬಾವಿಯ ದಿಕ್ಕಿಗೇ ಉಗಿದಳಂತೆ. ಆಯ್ತು, ಇನ್ನು ಎದೆ ಅಂದಳು.

ಆ ಹೊತ್ತಿಗೆ ತಿಪ್ಪವ್ವ ಬಡಕಲಾಗಿದ್ದಳು. ಒಂದು ಹಿಡಿ ಹೂವು, ನಾಲ್ಕು ಚೂರು ಕಂಬ, ಅದರ ಮೇಲೆ ಎಷ್ಟು ದಿನ ಇರೋಕಾಗುತ್ತೆ. ಗೋಡೆ ಹಿಡ್ಕೊಂಡು ಎದ್ದರೆ ಕಣ್ಣು ಕತ್ತಲೆ. ಈರಕ್ಕ ಒಂದು ತುತ್ತು ಮುದ್ದೆ ತಂದು, ಅವ್ವಾ, ಭೂಮಿತಾಯಿ ಏನೂ ಅನ್ಕೊಳ್ಳಲ್ಲ, ಅವಳೂ ತಾಯೀನೇ ಅಲ್ವಾ ಅಂತ ಕಾಲು ಹಿಡಿದಳಂತೆ. ತಿಪ್ಪವ್ವ ಮುಖ ತಿರುಗಿಸಿದಳು.

ಎದೆ ಅಂದರೆ ಪಟ್ಟೆಗಳ ನಡುವೆ ಬುಡದಲ್ಲಿರೋ ದಪ್ಪ ಗಡ್ಡೆ. ಈಗ ದುಗ್ಗಿ ಸರದಿ. ಅವಳು ಯಾರನ್ನೂ ಕೇಳಲಿಲ್ಲ. ಅವಳು ಹಿಂದಿನ ವರ್ಷ ಒಂದು ನೋಡಿದ್ದಳು. ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದು ಆರಿದ ಮೇಲೆ, ಸುಟ್ಟ ಕತ್ತಾಳೆ ಬುಡದಿಂದ ಬೆಲ್ಲದ ವಾಸನೆ ಬರ್ತಿತ್ತು, ಇರುವೆಗಳು ಸಾಲುಗಟ್ಟಿ ಒಳಗೆ ಹೋಗ್ತಿದ್ದವು. ಆಗ ಯಾರಿಗೂ ಹೇಳಿರಲಿಲ್ಲ, ಅವಳ ಮಾತು ಕೇಳೋರೂ ಇರಲಿಲ್ಲ.

ದುಗ್ಗಿ ಹಾರೆ, ಮಚ್ಚು ಹೊತ್ಕೊಂಡು ಹೋಗಿ, ಇನ್ನೇನು ಕಂಬ ಎತ್ತಬೇಕು ಅಂತ ನಡುವೆ ಉಬ್ಬಿದ್ದ ಒಂದು ಗಿಡ ಹುಡುಕಿದಳು. ಸುಳಿ ಕತ್ತರಿಸಿದಳು, ಎದೆ ತೋಡೋಕೆ ಹೋದಳು, ಅದು ಮುರಿದು ಪುಡಿಪುಡಿ ಆಯ್ತು, ಬುಡದಲ್ಲಿ ಒಂದು ಗುಂಡಿ ಮಾತ್ರ ಉಳೀತು. ಆ ಗುಂಡಿಗೆ ಒಂದು ಚಪ್ಪಟೆ ಕಲ್ಲು ಮುಚ್ಚಿ, ಮುಳ್ಳು ಗೀರಿದ ಕೈಯಲ್ಲಿ ಅಳ್ತಾ ಮನೆಗೆ ಬಂದಳಂತೆ. ಮಾರನೇ ದಿನ ಹೋಗಿ ಕಲ್ಲು ಸರಿಸಿದರೆ, ಗುಂಡಿಯ ತುಂಬ ತಿಳಿ ನೀರು. ಎರಡು ಜೇನುಹುಳ ಅದರ ಅಂಚಲ್ಲಿ ಕೂತು ಕುಡೀತಿದ್ದವಂತೆ. ದುಗ್ಗಿ ಬೆರಳು ಅದ್ದಿದಳು. ಸಿಹಿ! ಎಳನೀರಿಗಿಂತ ಒಂದು ಕೈ ಜಾಸ್ತಿ ಸಿಹಿ.

ಸೋರೆಬುರುಡೆಯಲ್ಲಿ ತುಂಬಿ ತಂದು ಅವ್ವನ ತಲೆ ತೊಡೆ ಮೇಲೆ ಇಟ್ಕೊಂಡು, ಕುಡಿ ಅಂದಳು. ಇದೇನು ಅಂದಳು ತಿಪ್ಪವ್ವ. ನೀರು. ನೀರು ಬಿಟ್ಟರೆ ಅಂತ ನೀನೇ ಅಂದಿದ್ದೆಯಲ್ಲ, ಇದೂ ನೀರೇ, ಗಿಡದ ನೀರು ಅಂದಳಂತೆ. ತಿಪ್ಪವ್ವ ಕುಡಿದಳು. ಕಣ್ಣಿಗೆ ಬೆಳಕು ಬಂತು. ಹೊತ್ತಾರೆ ಒಂದು ಬುರುಡೆ, ಬೈಗಿಗೆ ಒಂದು ಬುರುಡೆ, ಗುಂಡಿಯ ಅಂಚು ಕೆರೆದಷ್ಟೂ ನೀರು ಊರೋದಂತೆ. ಮೈಗೆ ತಂಪು, ಸುಸ್ತಿಗೆ ಒಳ್ಳೇದು, ಆದರೆ ಹೊತ್ತು ಮೀರಿ ಇಟ್ಟರೆ ಹುಳಿ ಬಂದು ತಲೆ ತಿರುಗಿಸುತ್ತೆ ಅಂತ ಆಮೇಲೆ ಆ ಊರಲ್ಲಿ ಹೇಳೋರಂತೆ.

ಆ ನೀರಿನ ಬಲದಲ್ಲಿ ತಿಪ್ಪವ್ವ ಜೀವ ಹಿಡ್ಕೊಂಡಿರೋ ಹೊತ್ತಲ್ಲಿ, ದುಗ್ಗಿ ಇನ್ನೊಂದು ಗಿಡ ನೋಡಿದಳು. ಈ ಸಲ ಅಕ್ಕಂದಿರೂ ಬಂದರು, ಕ್ಯಾತಜ್ಜಿಯೂ ಕೋಲೂರಿಕೊಂಡು ಬಂದಳು. ಪಟ್ಟೆಗಳನ್ನೆಲ್ಲ ಸುತ್ತ ಸವರಿ ತೆಗೆದು, ಕುಂಬಳಕಾಯಿಯಂಥ ಬಿಳೀ ಎದೆಯನ್ನ ಇಡಿಯಾಗಿ ಕಿತ್ತರು. ಸೊಂಟದ ಆಳಕ್ಕೆ ಗುಂಡಿ ತೋಡಿ, ಕಲ್ಲು ಹಾಸಿ, ಸೌದೆ ಒಟ್ಟಿ ಕಲ್ಲು ಕೆಂಪಗೆ ಕಾಯಿಸಿ, ಎದೆಯನ್ನ ಅದರ ಮೇಲೆ ಇಟ್ಟು, ಹಸಿ ಸೊಪ್ಪು ಮುಚ್ಚಿ ಮಣ್ಣು ಎಳೆದರು. ಒಂದು ದಿನ ಆಯ್ತು, ಬೊಮ್ಮಕ್ಕ ತೆಗೆಯೋಣ ಅಂದಳು, ದುಗ್ಗಿ ಬೇಡ ಅಂದಳು. ಎರಡು ದಿನ ಆಯ್ತು, ಈರಕ್ಕ ತೆಗೆಯೋಣ ಅಂದಳು, ದುಗ್ಗಿ ಬೇಡ ಅಂದಳು. ಮೂರನೇ ದಿನ ಮಣ್ಣಿನ ಸಂದಿಯಿಂದ ಬೆಲ್ಲದ ವಾಸನೆ ಬಂತು, ಎಲ್ಲಿಂದಲೋ ಇರುವೆಗಳೂ ಬಂದವು. ಈಗ ಅಂದಳಂತೆ ದುಗ್ಗಿ.

ತೆಗೆದರೆ, ಬಿಳಿ ಹೋಗಿ ಜೋನಿಬೆಲ್ಲದ ಬಣ್ಣ ಆಗಿತ್ತು. ಆವಿ ಆಡೋ ಆ ಎದೆಯನ್ನ ಮೊರದಲ್ಲಿಟ್ಟು ಅಂಗಳಕ್ಕೆ ತಂದರು. ಊರೇ ಸೇರಿತ್ತು. ಇದು ತಿಂದರೆ ಏನಾಗ್ತದೋ ಅಂತ ಎಲ್ಲರೂ ಕತ್ತು ಉದ್ದ ಮಾಡಿ ನೋಡ್ತಿದ್ದರು. ದುಗ್ಗಿ ತಾನು ಮೊದಲು ತಿಂದಳು, ಆಮೇಲೆ ಒಂದು ಎಸಳು ಕಿತ್ತು ಅವ್ವನ ಬಾಯಿಗಿಟ್ಟಳು.

ತಿಪ್ಪವ್ವ ಅದೇ ಸಿಟ್ಟಲ್ಲಿ ಕಚ್ಚಿದಳು. ಕಚ್ಚಿದವಳು ಅಗಿಯೋದು ನಿಲ್ಲಿಸಿಬಿಟ್ಟಳಂತೆ.

ಇದು ಸಿಹಿ ಐತಲ್ಲೇ, ಅಂದಳು. ಎದೆ ತೆಗೆದು ಸುಟ್ಟರೂ ಸಿಹಿ ಐತಲ್ಲೇ ಇದು. ಇದರ ಮೇಲೆ ನಾನು ಹೆಂಗೆ ಹಗೆ ಇಟ್ಕೊಳ್ಳಲಿ? ಅಂತ ಅಂದು, ಗಂಡ ಸತ್ತ ದಿನವೂ ಅಳದವಳು ಆಗ ಅತ್ತಳಂತೆ.

ಆಗ ದುಗ್ಗಿ, ಯಾವತ್ತೂ ನಾಲ್ಕು ಜನರ ಮುಂದೆ ಬಾಯಿ ಬಿಡದವಳು, ಅವ್ವಾ, ಗಿಡದ ತಪ್ಪಲ್ಲ, ಆ ಕೆಂಪು ಕಟ್ಟು ತಂದುಕೊಟ್ಟೋಳು ನಾನು ಅಂದಳಂತೆ. ಮೆಲ್ಲಗೇ ಅಂದಳು, ಆದರೆ ಅಂಗಳಕ್ಕೆಲ್ಲ ಕೇಳಿಸ್ತು.

ಗೊತ್ತು ಮಗಳೇ, ಅಂದಳು ತಿಪ್ಪವ್ವ. ಬಿಚ್ಚಿದಾಗಲೇ ನೋಡಿದೆ. ನೀನು ನೋಡದೆ ತಂದೆ, ನಾನು ನೋಡಿ ಹೊಸೆದೆ. ನಿನ್ನ ಹೆಸರು ಎಲ್ಲಿ ಬರ್ತದೋ ಅಂತ ಗಿಡದ ಮೇಲೆ ಹಾಕಿದೆ. ಆಮೇಲೆ ಗೌಡನ ಕಡೆ ಎರಡೂ ಕೈ ಚಾಚಿ, ಹೊಸೆದ ಕೈ ಇವು, ಇನ್ನು ಮುಟ್ಟಬೇಡ ಅಂದರೆ ಮುಟ್ಟಲ್ಲ ಅಂದಳಂತೆ.

ಕ್ಯಾತಜ್ಜಿ ಕೋಲೂರಿಕೊಂಡು ಮುಂದೆ ಬಂದಳು. ಬೇಗ ಬೇಗ ಅಂತ ಕೂಗಿದ ಬಾಯಿ ನಂದು, ಅದನ್ನೂ ಹೊಲಿಸಿಬಿಡು ಗೌಡಾ ಅಂದಳು. ಗೌಡನೂ ಆ ದಿನ ಹಗ್ಗ ಹಿಡಿದು ಎಳೆದವರಲ್ಲಿ ಒಬ್ಬ, ಹಗ್ಗದ ಬಣ್ಣ ಅವನ ಕಣ್ಣಿಗೂ ಬಿದ್ದಿರಲಿಲ್ಲ. ಅವನು ತಿಪ್ಪವ್ವ ಚಾಚಿದ ಕೈ ಹಿಂದಕ್ಕೆ ಸರಿಸಿ, ತಪ್ಪು ಗೊತ್ತಿರೋ ಕೈಗೇ ಹಗ್ಗ ಕೊಡಬೇಕವ್ವಾ, ಗೊತ್ತಿಲ್ಲದ ಕೈಗೆ ಕೊಟ್ಟು ಏನು ಮಾಡೋದು, ಊಟ ಮಾಡು ಅಂದನಂತೆ.

ಈರಕ್ಕ ಮುದ್ದೆ ತಿರುವಿದಳು, ಬೊಮ್ಮಕ್ಕ ಸಾರು ಬಿಟ್ಟಳು. ತಿಪ್ಪವ್ವ ಮೊದಲ ತುತ್ತು ದುಗ್ಗಿ ಬಾಯಿಗಿಟ್ಟು ಆಮೇಲೆ ತಾನು ಉಂಡಳಂತೆ.

ಅಲ್ಲಿಂದ ಆಚೆಗೆ ಆ ಊರಲ್ಲಿ ಕಂಬ ಎತ್ತೋ ಗಿಡಕ್ಕೆ ಹಗ್ಗದವರು ಮಚ್ಚು ಹಾಕೋದನ್ನೇ ಬಿಟ್ಟರು, ಅದು ಒಲೆಯ ಪಾಲು. ಮೊಗ್ಗು ಪಲ್ಯಕ್ಕೆ, ಎಳೇ ಕಂಬ ಕೆಂಡಕ್ಕೆ, ಎದೆ ಗುಂಡಿಗೆ. ಸುಟ್ಟ ಎದೆ ತಿಂದರೆ ಹೊಟ್ಟೆ ತುಂಬಿ ನಿಲ್ಲುತ್ತೆ, ಬೆಳಿಗ್ಗೆ ಬಯಲಿಗೆ ಹೋಗೋದೂ ಸಲೀಸಾಗುತ್ತೆ ಅಂತ ಮುದುಕರು ಕೇಳಿ ಇಸ್ಕೊಳ್ಳೋರಂತೆ. ಈರಕ್ಕ ಮದುವೆಯಾಗಿ ಹೋದ ಊರಲ್ಲಿ ಮೊಗ್ಗಿನ ಪಲ್ಯ ಕಲಿಸಿದಳು, ಬೊಮ್ಮಕ್ಕ ಮದುವೆಯಾಗಿ ಹೋದ ಊರಲ್ಲಿ ಮಾತು ಕಲಿಸಿದಳು.

ದುಗ್ಗಿ ಹಗ್ಗ ಮಾಡೋಳಾದಳು. ಅವಳು ಒಂದು ಹೊಸ ಪದ್ಧತಿ ತಂದಳಂತೆ. ಯಾವ ಹಗ್ಗವೇ ಆಗಲಿ, ಇನ್ನೊಬ್ಬರ ಕೈಗೆ ಕೊಡೋಕೆ ಮುಂಚೆ ಹೊಸೆದವರೇ ಅದಕ್ಕೆ ಜೋತು ಬಿದ್ದು ನೋಡಬೇಕು. ಮೊದಲನೇ ಹಗ್ಗ ತಿಪ್ಪವ್ವ, ದುಗ್ಗಿ ಇಬ್ಬರೂ ಸೇರಿ ಹೊಸೆದಿದ್ದು. ಹುಣಸೇಮರದ ಕೊಂಬೆಗೆ ಕಟ್ಟಿ, ಯಾರು ಜೋತು ಬೀಳೋದು ಅಂತ ಆದಾಗ, ಇಬ್ಬರೂ ಹೊಸೆದಿದ್ದಲ್ಲವಾ ಅಂತ ತಾಯಿ ಮಗಳು ಇಬ್ಬರೂ ಒಟ್ಟಿಗೇ ಜೋತು ಬಿದ್ದರಂತೆ. ಕೊಂಬೆ ಕಿರ್ ಅಂತು. ಹಗ್ಗ ಬಿಗೀತು, ಹರಿಯಲಿಲ್ಲ. ಕಾಲು ನೆಲ ಬಿಟ್ಟು ಅವರಿಬ್ಬರೂ ಆ ಕಡೆ ಈ ಕಡೆ ತೂಗಾಡೋದು ನೋಡಿ ಹಾದೀಲಿ ಹೋಗೋರೆಲ್ಲ ನಿಂತು ನಕ್ಕರಂತೆ, ಆಮೇಲೆ ತಿಪ್ಪವ್ವನೂ ನಕ್ಕಳಂತೆ. ಬಹಳ ಹೊತ್ತು ಇಳೀಲೇ ಇಲ್ಲವಂತೆ.

ಹೂಂ ಅನ್ನಲಿಲ್ಲ ನೀನು. ಸರಿ ಹಾಗಾದರೆ, ಕತೆಯೂ ಇಲ್ಲಿಗೆ ತೀರಿತು, ಮಲಗು.